ಮನೆಯ ವೈಫೈಗೆ ನಾನು ಕಾವಲಿದ್ದ ದಿನಗಳು

ಇದನ್ನು ಹೇಳಬೇಕು ಎಂದುಕೊಂಡು ಎರಡು ವರ್ಷವಾಯಿತು. ಮೊದಲು ಕನ್ನಡಕ ಬದಲಾಯಿಸಬೇಕು ಎಂಬ ನೆಪ ಇತ್ತು. ಕನ್ನಡಕ ಬಂದ ಮೇಲೆ ಒಳ್ಳೆಯ ನೋಟ್‌ಬುಕ್ ಇಲ್ಲ ಎಂದೆ. ಮೊಮ್ಮಗಳು ತನ್ನ ಗಣಿತದ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳನ್ನು ಹರಿದು ಪಿನ್ ಹಾಕಿಕೊಟ್ಟಳು. ಆಗ ಬೆರಳು ನೋಯತೊಡಗಿತು. ಹಲಸೂರು ಕೆರೆಯ ಹತ್ತಿರದ ಬೆಂಚಿನ ಮೇಲೆ ಸಂಜೆ ಕೂರುವ ನನ್ನ ಓರಗೆಯವರಿಗೆ ಇದನ್ನೇ ಹತ್ತಾರು ಸಲ ಹೇಳಿದ್ದೇನೆ. ಆದರೆ ಅಲ್ಲಿ ಹೇಳುವಾಗ ತಪ್ಪೆಲ್ಲ ಮಶೀನಿನದು. ಅವರು ತಲೆಯಾಡಿಸಿ, ಕಾಲ ಕೆಟ್ಟಿತು ಎಂದು ಒಪ್ಪಿ, ಕಡಲೆಕಾಯಿ ಬಿಡಿಸುತ್ತಾರೆ. ಬೆಂಚಿನ ಮೇಲೆ ಹೇಳದೆ ಬಿಟ್ಟ ಭಾಗವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಕೆ.ಆರ್. ಪುರಂ ಕಡೆಯ ಒಂದು ದೊಡ್ಡ ಕಾರ್ಖಾನೆಯ ಗೇಟಿನಲ್ಲಿ ಮೂವತ್ತೊಂದು ವರ್ಷ ಕಾವಲಿದ್ದೆ. ಒಳಗೆ ಹೋಗುವವರ ಗುರುತಿನ ಚೀಟಿ ನೋಡುವುದು, ಹೊರಗೆ ಬರುವವರ ಟಿಫನ್ ಕ್ಯಾರಿಯರ್ ತೆಗೆಸುವುದು, ಅನುಮಾನ ಬಂದರೆ ರಿಜಿಸ್ಟರಿನಲ್ಲಿ ಬರೆದು ಮೇಲಿನವರಿಗೆ ಕಳಿಸುವುದು. ಅನ್ನದ ಕೆಳಗೆ ಹಿತ್ತಾಳೆ ಚೂರು ಬಚ್ಚಿಟ್ಟುಕೊಂಡು ಹೋಗುವವರನ್ನು ಮುಖ ನೋಡಿಯೇ ಹಿಡಿಯುತ್ತೇನೆ ಎಂಬ ಹೆಮ್ಮೆ ನನಗಿತ್ತು. ಅಷ್ಟು ವರ್ಷದಲ್ಲಿ ಹಿಡಿದದ್ದು ಇಬ್ಬರನ್ನು. ಅವರಲ್ಲಿ ಒಬ್ಬನ ಡಬ್ಬಿಯಲ್ಲಿದ್ದದ್ದು ಅವನದೇ ಮನೆಯ ಹಿತ್ತಾಳೆ ಚಮಚ.

ಹೆಂಡತಿ ತೀರಿಕೊಂಡ ಮೇಲೆ ಹಲಸೂರಿನ ನಮ್ಮ ಸಣ್ಣ ಮನೆಯಲ್ಲಿ ಉಳಿದವರು ನಾಲ್ಕು ಜನ: ನಾನು, ಮಗ, ಸೊಸೆ, ಮೊಮ್ಮಗಳು. ಮಗ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರಲ್ಲಿ ಮ್ಯಾನೇಜರು. ಭಾನುವಾರವೂ ಅಂಗಡಿ ಇರುತ್ತದೆ. ಸೊಸೆಗೆ ಮಹದೇವಪುರದಲ್ಲಿ ಆಫೀಸು. ಬೆಳಿಗ್ಗೆ ಎಂಟಕ್ಕೆ ಹೊರಟರೆ, ರಸ್ತೆಯಲ್ಲಿ ನೀರು ನಿಲ್ಲದ ದಿನ ಸಂಜೆ ಏಳೂವರೆಗೆ ಬರುತ್ತಾಳೆ. ಒಂಬತ್ತನೇ ತರಗತಿಯಲ್ಲಿದ್ದ ಮೊಮ್ಮಗಳು ನಾಲ್ಕಕ್ಕೆ ಬರುತ್ತಿದ್ದಳು. ನಾಲ್ಕರಿಂದ ಏಳೂವರೆವರೆಗೆ ಮನೆಯಲ್ಲಿ ನನ್ನದೇ ಸರ್ಕಾರ.

ಮೊಮ್ಮಗಳು ಶಾಲೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದಳು. ಅಲ್ಲಿನ ಬ್ಯಾಂಡ್ ಮಾಸ್ಟರು ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾದವರು. ಹಾಳೆಯ ಮೇಲೆ ಬರೆದು ಕಲಿಸುವ ಅಭ್ಯಾಸ ಅವರಿಗಿರಲಿಲ್ಲ. ಪ್ರತಿದಿನ ಸಂಜೆ ಒಂದೊಂದು ತುಣುಕನ್ನು ನಿಧಾನವಾಗಿ ಊದಿ, ಬೆರಳು ಕಾಣುವ ಹಾಗೆ ವಿಡಿಯೋ ಮಾಡಿ ಮಕ್ಕಳ ಗುಂಪಿಗೆ ಕಳಿಸುತ್ತಿದ್ದರು. ಮಕ್ಕಳು ಅದನ್ನು ಫೋನಿನಲ್ಲಿ ಕೇಳಿ ಕೇಳಿ ಕಲಿಯಬೇಕು. ಆ ವರ್ಷದ ಕ್ರೀಡಾದಿನಕ್ಕೆ ಹೊಸದೊಂದು ಇತ್ತು: ಬಾವುಟ ಏರುವಾಗ ಉಳಿದ ವಾದ್ಯಗಳೆಲ್ಲ ಸುಮ್ಮನಿರಬೇಕು, ಟ್ರಂಪೆಟ್ ಒಂದೇ ನುಡಿಯಬೇಕು. ಟ್ರಂಪೆಟ್ಟಿನವರು ಮೂವರು, ಆ ಜಾಗ ಒಬ್ಬರಿಗೆ. ಯಾರು ಎಂದು ತಿಂಗಳ ಕೊನೆಯ ಶನಿವಾರ ಮಾಸ್ಟರು ಆರಿಸುವವರಿದ್ದರು. ಮೊಮ್ಮಗಳಿಗೆ ಊಟ ನಿದ್ದೆಗಳಲ್ಲೂ ಅದೇ ಧ್ಯಾನ. ಮಹಡಿಯ ಮೇಲೆ ಒಗೆದ ಬಟ್ಟೆಗಳ ನಡುವೆ ನಿಂತು ಊದುತ್ತಿದ್ದಳು. ನಾನು ಅದನ್ನು ಪೀಪಿ ಎಂದು ಕರೆಯುತ್ತಿದ್ದೆ. "ತಾತ, ಟ್ರಂಪೆಟ್!" ಎಂದು ಅವಳು ಪ್ರತಿಸಲವೂ ತಿದ್ದುತ್ತಿದ್ದಳು.

ಆ ತಿಂಗಳ ಆರಂಭದಲ್ಲಿ ಶಾಲೆಯವರು ಪೋಷಕರ ಸಭೆ ಕರೆದರು. ಮಕ್ಕಳೂ ಇಂಟರ್ನೆಟ್ಟೂ ಎಂಬುದು ವಿಷಯ. ಮಗನಿಗೆ ಅಂಗಡಿ, ಸೊಸೆಗೆ ಆಫೀಸು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಮಾತಾಡಿದ ಹೆಂಗಸು ಬಹಳ ಬುದ್ಧಿವಂತೆ. ಮಕ್ಕಳ ಜೊತೆ ಮಾತಾಡಿ, ಅವರನ್ನು ನಂಬಿ, ಜೊತೆಗೆ ಸ್ವಲ್ಪ ಫಿಲ್ಟರನ್ನೂ ಹಾಕಿ ಎಂದರು. ಮಧ್ಯದಲ್ಲಿ ಒಮ್ಮೆ, "ಮನೆಗೆ ಗೇಟ್ ಇರೋ ಹಾಗೆ ನೆಟ್‌ಗೂ ಒಂದು ಗೇಟ್ ಬೇಕು" ಎಂದರು. ಗೇಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ನೆಟ್ಟಗೆ ಕೂತೆ. ಆಮೇಲೆ ಅವರು ಹೇಳಿದ ನಂಬಿಕೆ, ಮಾತುಕತೆ ಯಾವುದೂ ನನಗೆ ಕೇಳಿಸಲಿಲ್ಲ. ನಿವೃತ್ತನಾಗಿ ಹದಿನಾಲ್ಕು ವರ್ಷದ ಮೇಲೆ ನನ್ನನ್ನು ಮತ್ತೆ ಡ್ಯೂಟಿಗೆ ಕರೆದಿದ್ದರು.

ಮರುದಿನವೇ ನಮ್ಮ ಕೇಬಲ್ ಮತ್ತು ನೆಟ್ ನೋಡಿಕೊಳ್ಳುವವನನ್ನು ಕರೆಸಿದೆ. ಐವತ್ತರ ಹತ್ತಿರದ ಮನುಷ್ಯ, ಇಪ್ಪತ್ತು ವರ್ಷದಿಂದ ನಮ್ಮ ಬೀದಿಯ ತಂತಿಗಳೆಲ್ಲ ಅವನವೇ.

"ಎನ್ನ ಸಾರ್, ಏನೇನ್ ಬ್ಲಾಕ್ ಮಾಡ್ಲಿ?" ಎಂದ, ತನ್ನ ತಮಿಳು ಬೆರೆತ ಕನ್ನಡದಲ್ಲಿ.

"ಏನೇನಿದೆ?"

"ವಯಸ್ಕರದ್ದು, ಜೂಜು, ಡೇಟಿಂಗು, ಮದ್ಯ, ಗೇಮ್ಸು..."

"ಎಲ್ಲಾನೂ ಮಾಡಪ್ಪ."

"ಎಲ್ಲಾ ಮಾಡಿದ್ರೆ ನಿಮ್ಗೇ ಕಷ್ಟ ಆಗತ್ತೆ ಸಾರ್."

"ನಂಗೇನಯ್ಯಾ ಕಷ್ಟ? ನಾನು ನೋಡೋದು ಪ್ರವಚನ" ಎಂದೆ.

ಅವನು ನನ್ನ ಫೋನಿಗೊಂದು ಆ್ಯಪ್ ಹಾಕಿಕೊಟ್ಟ. ಮನೆಯಲ್ಲಿ ನೆಟ್ ಬಳಸುವ ಪ್ರತಿಯೊಂದು ವಸ್ತುವೂ ಅದರಲ್ಲಿ ಹೆಸರಿನ ಸಮೇತ ಕಾಣುತ್ತಿತ್ತು. ಭಾನುವಾರಕ್ಕೊಮ್ಮೆ ವರದಿ ಬರುತ್ತದೆ, ಯಾರು ಯಾವ ಬಾಗಿಲು ತಟ್ಟಿದರು, ಎಷ್ಟು ಸಲ ತಟ್ಟಿದರು ಎಂದು. ನಾನು ಒಂದು ಉದ್ದನೆಯ ರಿಜಿಸ್ಟರ್ ಕೊಂಡು ತಂದು ಸ್ಕೇಲಿಟ್ಟು ಗೆರೆ ಎಳೆದೆ.

ಸಂಜೆ ಸೊಸೆ ಬಂದಾಗ ಇದನ್ನೆಲ್ಲ ತೋರಿಸಿದೆ. ಅವಳು ಬ್ಯಾಗನ್ನು ಹೆಗಲಿನಿಂದ ಇಳಿಸದೆಯೇ ನೋಡಿದಳು.

"ಫಿಲ್ಟರ್ ಇರೋದು ಒಳ್ಳೇದೇ ಮಾವ. ಆದ್ರೆ ಅವಳನ್ನ ಕೂರಿಸ್ಕೊಂಡು ಹೇಳೇ ಹಾಕೋಣ. ಏನಕ್ಕೆ ಅಂತ ಅವಳಿಗೂ ಗೊತ್ತಿರ್ಲಿ."

"ಕಳ್ಳನಿಗೆ ಹೇಳಿ ಗೇಟ್ ಹಾಕ್ತಾರೇನಮ್ಮ?"

"ಅವಳು ಕಳ್ಳಿ ಅಲ್ಲ ಮಾವ, ನಿಮ್ಮ ಮೊಮ್ಮಗಳು" ಎಂದು ನಕ್ಕು ಒಳಗೆ ಹೋದಳು.

ಇಲ್ಲಿ ನನ್ನ ಟ್ಯಾಬಿನ ವಿಷಯ ಹೇಳಬೇಕು. ಶಾಲೆಗಳು ಮುಚ್ಚಿ ಮನೆಯಿಂದಲೇ ಪಾಠ ನಡೆಯುತ್ತಿದ್ದಾಗ ಮೊಮ್ಮಗಳಿಗೆಂದು ಕೊಂಡ ಟ್ಯಾಬು ಅದು. ಅವಳಿಗೆ ಫೋನ್ ಬಂದ ಮೇಲೆ ಅದು ನನ್ನ ಕೈಗೆ ಬಂತು. ಮಧ್ಯಾಹ್ನ ಊಟವಾದ ಮೇಲೆ ಹೊಟ್ಟೆಯ ಮೇಲೆ ನಿಲ್ಲಿಸಿಕೊಂಡು ನೋಡುತ್ತಿದ್ದೆ. ಪ್ರವಚನ ನೋಡುತ್ತಿದ್ದುದು ಸುಳ್ಳಲ್ಲ, ಆದರೆ ಅದು ಹತ್ತು ನಿಮಿಷ. ಆಮೇಲೆ ಮಂಡಿನೋವಿನ ಎಣ್ಣೆ. ಎಣ್ಣೆಯ ಜಾಹೀರಾತಿನ ಕೆಳಗೆ ಇನ್ನೊಂದು ಜಾಹೀರಾತು: ಅರವತ್ತು ದಾಟಿದ ಗಂಡಸರಿಗೆ ಗುಟ್ಟಿನ ಲೇಹ್ಯ. ಅದರ ಕೆಳಗೆ ಯಾವಳೋ ನಟಿ ಮಾಡಿದ್ದನ್ನು ನೋಡಿ ಊರೇ ಬೆಚ್ಚಿಬಿದ್ದ ಸುದ್ದಿ. ಊರು ಬೆಚ್ಚಿದ್ದೇಕೆ ಎಂದು ತಿಳಿದುಕೊಳ್ಳುವುದು ನಾಗರಿಕನ ಕರ್ತವ್ಯವಲ್ಲವೇ? ಒತ್ತುತ್ತಿದ್ದೆ. ಈಚೆಗೆ ಒತ್ತಿದರೆ ಏನೂ ತೆರೆದುಕೊಳ್ಳುತ್ತಿರಲಿಲ್ಲ, ಬಿಳಿ ಪರದೆ ಬಂದು ಪುಟ ಸಿಗುತ್ತಿಲ್ಲ ಎನ್ನುತ್ತಿತ್ತು. ನೆಟ್ ಸರಿಯಿಲ್ಲ ಎಂದು ಕೇಬಲ್‌ನವನನ್ನು ಬೈದುಕೊಂಡು ಮತ್ತೆ ಒತ್ತುತ್ತಿದ್ದೆ, ಮತ್ತೂ ಒತ್ತುತ್ತಿದ್ದೆ.

ಮೊದಲ ವರದಿ ಭಾನುವಾರ ಬೆಳಿಗ್ಗೆ ಇಡ್ಲಿ ತಿನ್ನುವ ಹೊತ್ತಿಗೆ ಬಂತು. ಟಿವಿ: ಏನಿಲ್ಲ. ನನ್ನ ಫೋನು: ಏನಿಲ್ಲ. ಮಗನ ಫೋನು: ಏನಿಲ್ಲ. ಸೊಸೆಯ ಫೋನು: ಏನಿಲ್ಲ. ಬರೀ ಅಕ್ಷರ ಮತ್ತು ಅಂಕಿಗಳಿದ್ದ ಒಂದು ಹೆಸರು: ಅದೂ ಸ್ವಚ್ಛ, ಇದೇ ನನ್ನ ಟ್ಯಾಬಿರಬೇಕು ಎಂದುಕೊಂಡು ಸಮಾಧಾನಪಟ್ಟೆ. ಕೊನೆಯದರ ಮೇಲೆ ಮೊಮ್ಮಗಳ ಹೆಸರಿತ್ತು. ಅದರ ಮುಂದೆ ಕೆಂಪು ಬಣ್ಣದಲ್ಲಿ ವಯಸ್ಕರದ್ದು, ಜೂಜು, ಡೇಟಿಂಗು, ಒಟ್ಟು ಅರವತ್ತಮೂರು ಸಲ.

ನಾನು ಇಡ್ಲಿ ಬಿಟ್ಟು ಎದ್ದೆ. ಗೇಟಿನಲ್ಲಿ ಮಾಡುತ್ತಿದ್ದ ಹಾಗೆಯೇ ರಿಜಿಸ್ಟರ್ ತೆರೆದು, ಅವಳನ್ನು ನಿಲ್ಲಿಸಿ, ಓದಿ ಹೇಳಿದೆ.

"ನಾನಲ್ಲ ತಾತ," ಎಂದಳು.

"ಹೆಸರು ನಿಂದೇ ಇದೆಯಲ್ಲ?"

"ಇರ್ಬಹುದು. ಆದ್ರೆ ನಾನಲ್ಲ. ಅಮ್ಮಾ, ನಾನಲ್ಲಮ್ಮ!"

"ಮೂವತ್ತೊಂದು ವರ್ಷ ಇದೇ ಮಾತು ಕೇಳಿದೀನಿ. ಡಬ್ಬಿ ತೆಗಿಸೋವರೆಗೂ ಎಲ್ರೂ 'ನಾನಲ್ಲ' ಅಂತಲೇ ಹೇಳೋದು."

ಮಗ ಚಟ್ನಿ ಹಾಕಿಕೊಳ್ಳುತ್ತಿದ್ದವನು ಕೈ ನಿಲ್ಲಿಸಿ ನೆಲ ನೋಡಿದ. ಮಗಳ ಮುಂದೆ ಇಂಥ ವಿಷಯ ಮಾತಾಡುವುದು ಅವನಿಂದಾಗದು. ಸೊಸೆ ಮಾತ್ರ ಮಗಳ ಪಕ್ಕಕ್ಕೆ ಬಂದು ನಿಂತಳು.

"ಅವಳು ಇಲ್ಲ ಅಂದ್ರೆ ಇಲ್ಲ ಮಾವ. ಅದೇನು ಅಂತ ನಾನು ಸರಿಯಾಗಿ ನೋಡ್ತೀನಿ, ಫೋನ್ ಕೊಡಿ."

ಆಗ ನಾನು ಹೇಳಿದ ಮಾತನ್ನು ಇದ್ದ ಹಾಗೆಯೇ ಬರೆಯುತ್ತೇನೆ. "ಮಗಳನ್ನ ನೋಡ್ಕೊಳ್ಳೋಕೆ ಟೈಮಿಲ್ದೋರು ವಕಾಲತ್ತು ಮಾಡ್ಬಾರ್ದಮ್ಮ. ತಾಯಿ ಮನೇಲಿದ್ದಿದ್ರೆ ಈ ರಿಜಿಸ್ಟರೇ ಬೇಕಾಗ್ತಿರ್ಲಿಲ್ಲ."

ಸೊಸೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಒಳಗೆ ತೆಗೆದುಕೊಂಡು ಹೋದಳು. ತೀರ್ಪನ್ನೂ ನಾನೇ ಕೊಟ್ಟೆ: ತಿಂಗಳು ಮುಗಿಯುವವರೆಗೆ ಮೊಮ್ಮಗಳ ಕೈಗೆ ಯಾವ ಪರದೆಯೂ ಇಲ್ಲ. ಅವಳ ಫೋನು ನನ್ನ ಬೀರುವಿಗೆ ಹೋಯಿತು. ಕೆಟ್ಟುಹೋಗದಿರಲೆಂದು ರಾತ್ರಿ ನಾನೇ ಅದನ್ನು ಚಾರ್ಜಿಗೆ ಹಾಕಿ ಬೆಳಿಗ್ಗೆ ಮತ್ತೆ ಒಳಗಿಡುತ್ತಿದ್ದೆ. ಆ ಕೊನೆಯ ಶನಿವಾರಕ್ಕೆ ಎರಡು ವಾರವೂ ಪೂರ್ತಿ ಉಳಿದಿರಲಿಲ್ಲ.

ಬೀರುವಿನೊಳಗೆ, ನನ್ನ ಉಲ್ಲನ್ ಸ್ವೆಟರುಗಳ ಮಧ್ಯದಿಂದ, ದಿನಾ ಸಂಜೆ ಐದಕ್ಕೆ ಟಿಂಗ್ ಎನ್ನುತ್ತಿತ್ತು. ಬ್ಯಾಂಡ್ ಮಾಸ್ಟರು ಆ ದಿನದ ತುಣುಕು ಕಳಿಸುವ ಹೊತ್ತು. ಮೊಮ್ಮಗಳು ಬೀರುವನ್ನೂ ನನ್ನನ್ನೂ ನೋಡುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟಳು.

"ತಾತ, ಹತ್ತು ನಿಮಿಷ. ನಿಮ್ಮ ಟ್ಯಾಬಲ್ಲೇ ಹಾಕಿ, ನೀವೇ ಹಿಡ್ಕೊಳ್ಳಿ. ನಾನು ಮುಟ್ಟಲ್ಲ, ಬರೀ ಕೇಳಿಸ್ಕೊಳ್ತೀನಿ."

"ಈ ಟ್ಯಾಬ್ ಇವತ್ತಿನವರೆಗೂ ಒಂದು ಕಪ್ಪುಚುಕ್ಕೆ ಇಲ್ದೆ ಇದೆ. ಅದನ್ನ ಕೆಡಿಸ್ಬೇಡ" ಎಂದೆ. ಹೀಗೆಂದೆ ನಾನು, ಅದೇ ಟ್ಯಾಬನ್ನು ಎದೆಗೆ ಅವಚಿಕೊಂಡು.

ಅವಳು ಮಹಡಿಗೆ ಹೋಗಿ ಗೊತ್ತಿದ್ದಷ್ಟನ್ನೇ ಊದಿದಳು. ಒಂದೇ ಜಾಗದಲ್ಲಿ ಬಂದು ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ. ಮುಂದಿನದು ಬೀರುವಿನಲ್ಲಿತ್ತು.

ಒಂದು ಬೆಳಿಗ್ಗೆ ಹಾಲು ತರಲು ಹೋದವನು ಬಸ್ ಸ್ಟಾಪಿನಲ್ಲಿ ತಾಯಿ ಮಗಳನ್ನು ಕಂಡೆ. ಇಬ್ಬರ ತಲೆಯೂ ಸೊಸೆಯ ಫೋನಿನ ಮೇಲೆ ಬಗ್ಗಿತ್ತು, ಒಂದೇ ಇಯರ್‌ಫೋನಿನ ಎರಡು ತುದಿ ಇಬ್ಬರ ಕಿವಿಯಲ್ಲಿ. ಮೊಮ್ಮಗಳ ಬೆರಳುಗಳು ಸ್ಕೂಲ್ ಬ್ಯಾಗಿನ ಪಟ್ಟಿಯ ಮೇಲೆ ಟ್ರಂಪೆಟ್ಟಿನ ಗುಂಡಿ ಒತ್ತುತ್ತಿದ್ದವು. ಗೆಳತಿಯೊಬ್ಬಳಿಂದ ವಿಡಿಯೋ ತರಿಸಿಕೊಂಡು ಸೊಸೆ ಮಗಳಿಗೆ ಕೇಳಿಸುತ್ತಿದ್ದಳು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದಲೇ ಸದ್ದಿಲ್ಲದೆ ಹಿಂದಿರುಗುತ್ತಿದ್ದರು. ನಾನು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಅವರ ಮುಂದೆ ಹೋಗಿ ನಿಂತೆ. ಸೊಸೆ ಇಯರ್‌ಫೋನ್ ತೆಗೆದಳು. ಅನ್ನದ ಕೆಳಗಿನ ಹಿತ್ತಾಳೆ ಸಿಕ್ಕಿದಷ್ಟು ಸಂತೋಷವಾಗಿತ್ತು ನನಗೆ. ಅಂದೇ ಮಗನಿಗೆ ರಿಪೋರ್ಟ್ ಮಾಡಿದೆ. ಅವನು ಹೆಂಡತಿಗೆ, "ಅಪ್ಪ ಹೇಳಿದ್ಮೇಲೆ ಬಿಟ್ಬಿಡು, ಮನೇಲಿ ಜಗಳ ಬೇಡ" ಎಂದ. ಬಸ್ ಸ್ಟಾಪಿನ ಪಾಠವೂ ನಿಂತಿತು. ನಡುವೆ ಬಂದ ಭಾನುವಾರದ ವರದಿಯನ್ನು ನಾನು ತೆರೆದೂ ನೋಡಲಿಲ್ಲ, ಕಳ್ಳ ಸಿಕ್ಕಿಯಾಗಿತ್ತಲ್ಲ.

ಆರಿಸುವ ಶನಿವಾರಕ್ಕೆ ಎರಡು ದಿನ ಮುಂಚೆ, ಗುರುವಾರ ಮಧ್ಯಾಹ್ನ, ನೆಟ್ ಸರಿಯಿಲ್ಲವೆಂದು ಕೇಬಲ್‌ನವನನ್ನು ಮತ್ತೆ ಕರೆಸಿದೆ. ಮನೆಯಲ್ಲಿ ನಾನೊಬ್ಬನೇ. ಅವನು ಟ್ಯಾಬ್ ಕೈಗೆ ತೆಗೆದುಕೊಂಡು, ನಾನು ಕೊನೆಯಲ್ಲಿ ಒತ್ತಿದ್ದನ್ನು ತೆರೆಯಲು ನೋಡಿ, ಸ್ವಲ್ಪ ಹೊತ್ತು ಮೀಸೆ ಸವರಿಕೊಂಡ.

"ಸಾರ್, ನೆಟ್ ಚೆನ್ನಾಗೇ ಇದೆ. ಇದು ಬ್ಲಾಕ್ ಆಗಿರೋ ಜಾಗ. ನೀವೇ ಮಾಡ್ಸಿದ್ದು."

"ಯಾವ ಜಾಗ?"

"ನೀವು ಪ್ರವಚನ ಅಂದ್ರಲ್ಲ... ಇದು ಬೇರೆ ಥರದ ಪ್ರವಚನ ಸಾರ್."

ನನ್ನ ಫೋನಿನ ಆ್ಯಪ್ ತೆಗೆದು ತೋರಿಸಿದ. ಟ್ಯಾಬಿನ ವೈಫೈ ಆರಿಸಿದಾಗ ಪಟ್ಟಿಯಲ್ಲಿ ಮೊಮ್ಮಗಳ ಹೆಸರು ಮಂಕಾಯಿತು. ಹಾಕಿದಾಗ ಮತ್ತೆ ಹೊಳೆಯಿತು. ಪಾಠಕ್ಕೆಂದು ಕೊಂಡಾಗ ಟ್ಯಾಬಿಗೆ ಅವಳ ಹೆಸರಿಟ್ಟಿದ್ದರು, ಯಾರೂ ತೆಗೆದಿರಲಿಲ್ಲ. ಅಕ್ಷರ ಅಂಕಿಗಳ ಆ ಸ್ವಚ್ಛ ಹೆಸರೇ ಅವಳ ಫೋನು. ಮೂವತ್ತೊಂದು ವರ್ಷ ಚೀಟಿಯನ್ನು ಮುಖದ ಪಕ್ಕ ಹಿಡಿದು ನೋಡಿದವನು, ನಿವೃತ್ತನಾದ ಮೇಲೆ ಚೀಟಿ ಮಾತ್ರ ನೋಡಿದ್ದೆ. ಆ ಅರವತ್ತಮೂರು ಸಲ ನನ್ನ ಗೇಟನ್ನು ಹೊರಗಿನಿಂದ ಗುದ್ದಿದವನು ನಾನೇ.

"ಯಾರಿಗೂ ಹೇಳ್ಬೇಡಪ್ಪ," ಎಂದೆ.

"ನಾನ್ಯಾಕ್ ಹೇಳ್ಲಿ ಸಾರ್. ಮನೆಮನೆಗೂ ಇದೇ," ಎಂದು ಅವನು ಹೊರಟ. ನನಗೆ ಸಮಾಧಾನ ಮಾಡಲು ಹಾಗೆಂದನೋ, ನಿಜವೋ, ಇಂದಿಗೂ ತಿಳಿಯದು.

ಇಲ್ಲಿಯವರೆಗಿನದು ದಡ್ಡತನ. ಅದಕ್ಕೆ ನಕ್ಕುಬಿಡಬಹುದು. ಮುಂದಿನದಕ್ಕೆ ಆಗುವುದಿಲ್ಲ. ಮೊಮ್ಮಗಳು ನಾಲ್ಕಕ್ಕೆ ಬಂದಳು. ಬೀರುವಿನ ಬೀಗದ ಕೈ ನನ್ನ ಜೇಬಿನಲ್ಲಿತ್ತು. ಫೋನ್ ಕೊಟ್ಟಿದ್ದರೆ ಅವಳಿಗೆ ಎರಡು ಸಂಜೆ ಸಿಗುತ್ತಿತ್ತು. ತಪ್ಪು ಒಪ್ಪಿಕೊಳ್ಳಲೇಬೇಕು ಎಂದೇನೂ ಇರಲಿಲ್ಲ, "ಹೋಗಲಿ, ಕ್ಷಮಿಸಿದ್ದೇನೆ" ಎಂದು ದೊಡ್ಡಮನುಷ್ಯನ ಹಾಗೆ ಕೊಡಬಹುದಿತ್ತು. ಆದರೆ ಇದ್ದಕ್ಕಿದ್ದ ಹಾಗೆ ಯಾಕೆ ಕೊಟ್ಟೆ ಎಂದು ಮಗ ಕೇಳಿದರೆ? ಸೊಸೆ ಆ ಪಟ್ಟಿಯನ್ನು ನೋಡಲು ಬಯಸಿದರೆ? ಲೇಹ್ಯದ ವಿಷಯ, ನಟಿಯ ವಿಷಯ? ಶನಿವಾರ ಕಳೆಯಲಿ, ಆಮೇಲೆ ಶಿಕ್ಷೆ ಮುಗಿಯಿತೆಂದು ಕೊಟ್ಟರಾಯಿತು ಎಂದು ಲೆಕ್ಕ ಹಾಕಿದೆ. ಐದು ಗಂಟೆಗೆ ಬೀರುವಿನಲ್ಲಿ ಟಿಂಗ್ ಎಂದಿತು. ನಾನು ಎದ್ದು ಹೋಗಿ ಟಿವಿಯ ಸದ್ದು ಜಾಸ್ತಿ ಮಾಡಿದೆ. ಶುಕ್ರವಾರವೂ ಹಾಗೆಯೇ ಮಾಡಿದೆ.

ಶನಿವಾರ ಮಧ್ಯಾಹ್ನ ಅವಳು ಬಂದು ಶೂ ಬಿಚ್ಚಿದಳು. "ಏನಾಯ್ತು?" ಎಂದೆ, ಏನೂ ಗೊತ್ತಿಲ್ಲದವನ ಹಾಗೆ.

"ಕೊನೇ ಎಂಟು ಸಾಲು ನಂಗೆ ಬರ್ಲಿಲ್ಲ ತಾತ. ಸಾರ್ ಬೈಲಿಲ್ಲ. ಎರಡನೇ ಸಾಲಲ್ಲಿ ನಿಂತ್ಕೋ ಅಂದ್ರು."

ಅತ್ತಿದ್ದರೆ ಒಳ್ಳೆಯದಿತ್ತು. ಅವಳು ಕೈ ತೊಳೆದು, ನನಗೂ ಬಡಿಸಿ, ತಾನೂ ಊಟ ಮಾಡಿದಳು. ಆ ಸಂಜೆ ಮಹಡಿಗೆ ಹೋಗಲಿಲ್ಲ.

ಮರುದಿನ ಭಾನುವಾರ ಸೊಸೆ ನೇರವಾಗಿ ಬಂದು, "ಮಾವ, ನಿಮ್ಮ ಫೋನು ಕೊಡಿ" ಎಂದಳು. ಈ ಸಲ ಕೇಳಿದ ರೀತಿ ಬೇರೆ ಇತ್ತು, ಕೊಟ್ಟೆ. ಅವಳು ಪಟ್ಟಿ ತೆರೆದಳು. ಮನೆಯಲ್ಲಿದ್ದ ಪ್ರತಿಯೊಂದರ ವೈಫೈಯನ್ನೂ ಒಂದೊಂದಾಗಿ ಆರಿಸಿ ನೋಡುತ್ತ ಬಂದಳು. ಟಿವಿ, ಅವಳದು, ಗಂಡನದು. ಕೊನೆಗೆ ನನ್ನ ಪಕ್ಕದಲ್ಲಿದ್ದ ಟ್ಯಾಬನ್ನು ಎತ್ತಿಕೊಂಡಳು. ಆರಿಸಿದಳು, ಪಟ್ಟಿ ನೋಡಿದಳು, ಮತ್ತೆ ಹಾಕಿದಳು, ಮತ್ತೆ ನೋಡಿದಳು. ನಾನು ಕಿಟಕಿಯಾಚೆಯ ತಂತಿಯ ಮೇಲೆ ಕೂತ ಕಾಗೆಯನ್ನು ನೋಡುತ್ತಿದ್ದೆ. ಆ ಕಾಗೆಯನ್ನು ನಾನು ಇವತ್ತೂ ಗುರುತಿಸಬಲ್ಲೆ.

ಮಗ ತಲೆ ಬಾಚಿಕೊಳ್ಳುತ್ತ ಕನ್ನಡಿಯ ಮುಂದಿನಿಂದಲೇ ಕೇಳಿದ. "ಏನಂತೆ? ಏನ್ ಗೊತ್ತಾಯ್ತು?"

ಸೊಸೆ ನನ್ನ ಕಡೆ ನೋಡಿದಳು. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಮಾತಿನ ಹಕ್ಕೂ ಅವಳಿಗಿತ್ತು.

"ಏನಿಲ್ಲ ರೀ. ಲಿಸ್ಟೇ ತಪ್ಪು ತೋರಿಸ್ತಾ ಇತ್ತು. ಮಶೀನ್ ತಪ್ಪು. ಇವಳು ಏನೂ ಮಾಡಿಲ್ಲ."

ಅಲ್ಲಿಗೆ ಸುಮ್ಮನಿರಬಹುದಾಗಿತ್ತಲ್ಲ ನಾನು? "ನಂಗೂ ಆಗ್ಲೇ ಅನುಮಾನ ಬಂದಿತ್ತು. ಈ ಮಶೀನ್‌ಗಳನ್ನ ನಂಬ್ಲೇಬಾರ್ದು" ಎಂದೆ.

ಸೊಸೆ ಟ್ಯಾಬನ್ನು ನನ್ನ ಪಕ್ಕಕ್ಕೇ ಇಟ್ಟು ಅಡುಗೆಮನೆಗೆ ಹೋದಳು. ಆಮೇಲೆ ಆ್ಯಪ್ ತೆಗೆದು ನೋಡಿದಾಗ, ಮೊಮ್ಮಗಳ ಹೆಸರಿದ್ದ ಕಡೆ 'ಮಾವ' ಎಂದು ಬರೆದಿತ್ತು. ಬೀರು ತೆಗೆದು ಫೋನ್ ಕೊಟ್ಟೆ. ಅದರಲ್ಲಿ ಮಾಸ್ಟರು ಕಳಿಸಿದ್ದೆಲ್ಲ ಒಟ್ಟಿಗೆ ಬಂದು ಕೂತಿತ್ತು. ಮೊಮ್ಮಗಳು ಒಂದನ್ನೂ ತೆರೆಯಲಿಲ್ಲ.

ಮೂರು ವಾರ ಬಾಯಿ ಕಟ್ಟಿಕೊಂಡಿದ್ದು, ಒಂದು ಸಂಜೆ ಮಹಡಿಯಲ್ಲಿ ಬಟ್ಟೆ ತೆಗೆಯುವಾಗ ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದೆ. ಹೇಳಿ, ತಪ್ಪಾಯಿತು ಕಂದ ಎಂದೆ. ಅವಳು ನನ್ನ ಪಂಚೆಯನ್ನು ಕೈಯಲ್ಲಿ ಹಿಡಿದುಕೊಂಡು ಬಾಯಿ ತೆರೆದು ನಿಂತಳು.

"ನೀವಾ? ತಾತ, ನೀವಾ ಅದು?" ಎಂದು ನಗತೊಡಗಿದಳು. ನಗು ನಿಲ್ಲಲೇ ಇಲ್ಲ. "ಏನ್ ನೋಡ್ತಿದ್ರಿ?"

"ಮಂಡಿನೋವಿನ ಎಣ್ಣೆ."

"ಮಂಡಿನೋವಿಗೆ ಡೇಟಿಂಗ್ ಸೈಟಾ ತಾತ?"

ನಾನೂ ನಕ್ಕೆ. ಬದುಕಿದೆ ಎಂದುಕೊಂಡೆ. ಆಗ ಅವಳು ನಗು ನಿಲ್ಲಿಸಿದಳು.

"ಕೇಬಲ್ ಅಂಕಲ್ ಬಂದಿದ್ದು ಗುರುವಾರ ಅಂದ್ರಲ್ಲ? ಗುರುವಾರಾನೇ ಗೊತ್ತಿತ್ತಾ ನಿಮ್ಗೆ?"

"ಹೂಂ."

"ಶುಕ್ರವಾರ?"

"ಹೂಂ."

ಪಂಚೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟು ಕೆಳಗೆ ಇಳಿದು ಹೋದಳು. ಒಂಬತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ಹತ್ತನೆಯ ದಿನ ಟ್ರಂಪೆಟ್ ತೆಗೆದುಕೊಂಡು ಮಹಡಿ ಹತ್ತುವಾಗ ಬಾಗಿಲಲ್ಲಿ ನಿಂತು, "ಬರ್ತೀರಾ? ಆದ್ರೆ ಪೀಪಿ ಅನ್ಬಾರ್ದು" ಎಂದಳು. ಹೋದೆ. ಅರ್ಧ ಗಂಟೆ ಊದಿ, ತುಟಿ ಒರೆಸಿಕೊಳ್ಳುತ್ತ ಕೇಳಿದಳು.

"ಅಮ್ಮಂಗೆ ಹೇಳಿದ್ರಾ?"

"ಅವಳಿಗೆ ಎಲ್ಲಾ ಗೊತ್ತು ಕಂದ."

"ಗೊತ್ತಿದ್ರೆ? ಸಾರಿ ಕೇಳಿದ್ರಾ ಅಂತ ಕೇಳ್ದೆ."

ಕ್ರೀಡಾದಿನಕ್ಕೆ ಸೊಸೆ ರಜೆ ಹಾಕಿ ಬಂದಳು. ಶಾಮಿಯಾನದ ಕೆಳಗೆ ನಾವಿಬ್ಬರೂ ಪಕ್ಕಪಕ್ಕದಲ್ಲಿ ಕೂತೆವು. ಬಾವುಟ ಏರುವಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಒಂದು ಹೆಜ್ಜೆ ಮುಂದೆ ಬಂದು ಊದಿದಳು. ಚೆನ್ನಾಗಿಯೇ ಊದಿದಳು. ಎರಡನೇ ಸಾಲಿನಲ್ಲಿ ನಮ್ಮ ಮಗು ಟ್ರಂಪೆಟ್ಟನ್ನು ತೋಳಿನ ಕೆಳಗೆ ಹಿಡಿದು ನೆಟ್ಟಗೆ ನಿಂತಿತ್ತು. ದೂರದಿಂದಲೂ ಕಾಣುತ್ತಿತ್ತು, ಅದರ ಬೆರಳುಗಳು ಗುಂಡಿಗಳನ್ನು ಸದ್ದಿಲ್ಲದೆ ಒತ್ತುತ್ತಿದ್ದವು, ಕೊನೆಯ ಸಾಲಿನವರೆಗೂ. ಈಗ ಅದಕ್ಕೆ ಪೂರ್ತಿ ಬರುತ್ತಿತ್ತು. ಸೊಸೆ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. ನಾನು ಅವಳ ಕಡೆ ತಿರುಗಿ ಬಾಯಿ ತೆರೆದೆ.

"ಏನ್ ಮಾವ?" ಎಂದಳು.

"ಬಿಸಿಲು ಜಾಸ್ತಿ, ಅಲ್ವಾಮ್ಮ?" ಎಂದೆ.

ಅವಳು ತನ್ನ ಛತ್ರಿ ಬಿಚ್ಚಿ ನನ್ನ ಕಡೆಗೆ ಸ್ವಲ್ಪ ವಾಲಿಸಿ ಹಿಡಿದಳು.

ಅದಾದ ಮೇಲೆ ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಕಾಫಿ ಕೊಡುವಾಗ ತೆರೆದರೆ ಸಕ್ಕರೆ ಕಮ್ಮಿ ಎಂದು ಬರುತ್ತದೆ, ಆಫೀಸಿಗೆ ಹೊರಟಾಗ ತೆರೆದರೆ ಮಹದೇವಪುರದಲ್ಲಿ ನೀರು ನಿಂತಿದೆಯಂತೆ ಎಂದು ಬರುತ್ತದೆ. ಮೊಮ್ಮಗಳಿಗೆ ತಪ್ಪಾಯಿತು ಎಂದೆ, ಮಗನಿಗೂ ಒಂದು ದಿನ ತಲೆ ತಗ್ಗಿಸಿ ಹೇಳಿದೆ, ಕೇಬಲ್‌ನವನಿಗೆ ಕೂಡ ಸುಮ್ಮನೆ ಬೈದೆ ಕಣಯ್ಯಾ ಎಂದೆ. ಮಗಳ ಮೇಲಿನ ಆರೋಪವನ್ನು ಅಳಿಸಲು ಹೇಳಿದ ಒಂದೇ ಸುಳ್ಳಿನಲ್ಲಿ ನನ್ನ ಮಾನವನ್ನೂ ಉಳಿಸಿದವಳು, ತಾಯಿಯೇ ಸರಿಯಿಲ್ಲ ಎಂದು ಮಗಳ ಎದುರಿಗೆ ನನ್ನಿಂದ ಅನ್ನಿಸಿಕೊಂಡವಳು, ಬಸ್ ಸ್ಟಾಪಿನಲ್ಲಿ ಕಳ್ಳಿಯ ಹಾಗೆ ನಾನು ಹಿಡಿದು ನಿಲ್ಲಿಸಿದವಳು, ಇವತ್ತಿನವರೆಗೂ ನಾನು ಕ್ಷಮೆ ಕೇಳದೆ ಉಳಿದಿರುವವಳು ನನ್ನ ಸೊಸೆ.